ಹಳೆಯ ಹಾರ್ಡ್ ಡಿಸ್ಕನ್ನು ಬ್ಯಾಕಪ್‌ಗೆ ಬಳಸಲು ಎಂಥ ಎನ್‌ಕ್ಲೋಷರ್ ಕೊಳ್ಳಬೇಕು?

ಪ್ರಶ್ನೆ

ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಬಿಚ್ಚಿ ತೆಗೆದ, 4 ಟಿಬಿಯ 3.5 ಇಂಚಿನ ಸಾಟಾ (ಕಂಪ್ಯೂಟರಿನ ಒಳಗೆ ಡಿಸ್ಕನ್ನು ಜೋಡಿಸುವ ಸಂಪರ್ಕ) ಹಾರ್ಡ್ ಡಿಸ್ಕ್ ಒಂದು ನನ್ನಲ್ಲಿದೆ. ಅದನ್ನು ಎನ್‌ಕ್ಲೋಷರ್‌ಗೆ, ಅಂದರೆ ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸುವ ಹೊರಪೆಟ್ಟಿಗೆಗೆ ಹಾಕಿ, ಮನೆಯ ಎರಡು ಕಂಪ್ಯೂಟರುಗಳ ಫೋಟೊ ಮತ್ತು ಕಡತಗಳನ್ನು ವಾರಕ್ಕೊಮ್ಮೆ ಬ್ಯಾಕಪ್ ಮಾಡಿಡಬೇಕೆಂದಿದ್ದೇನೆ. ಕೆಲವು ಪೆಟ್ಟಿಗೆಗಳ ಮೇಲೆ 5 ಜಿಬಿಪಿಎಸ್ (ಸೆಕೆಂಡಿಗೆ ಗಿಗಾಬಿಟ್) ಎಂದೂ ಇನ್ನು ಕೆಲವುಗಳ ಮೇಲೆ 10 ಜಿಬಿಪಿಎಸ್ ಎಂದೂ ಬರೆದಿದೆ. ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ) ಸೌಲಭ್ಯ ಇರುವಂಥವೂ, ಎರಡು ಡಿಸ್ಕ್ ಹಿಡಿಸುವ ರೇಡ್ ಪೆಟ್ಟಿಗೆಗಳೂ ಇವೆ. ಇವುಗಳಲ್ಲಿ ನನಗೆ ನಿಜವಾಗಿ ಬೇಕಾಗುವುದು ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1

ವೇಗದ ವಿಷಯದಲ್ಲಿ 10 ಜಿಬಿಪಿಎಸ್‌ಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ತಿರುಗುವ ತಟ್ಟೆಯ ಡಿಸ್ಕ್ ಸೆಕೆಂಡಿಗೆ ಸಾಮಾನ್ಯವಾಗಿ 150ರಿಂದ 250 ಎಂಬಿಯಷ್ಟು ಮಾತ್ರ ಬರೆಯಬಲ್ಲದು, ಯುಎಸ್‌ಬಿ 3.0ರ 5 ಜಿಬಿಪಿಎಸ್ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಆದರೆ ಯುಎಸ್‌ಬಿ 2.0 ಪೆಟ್ಟಿಗೆಯನ್ನು ಮಾತ್ರ ಕೊಳ್ಳಬೇಡಿ. ಅದರಲ್ಲಿ ಸೆಕೆಂಡಿಗೆ 40 ಎಂಬಿ ದಾಟುವುದೇ ಕಷ್ಟವಾದ್ದರಿಂದ, 4 ಟಿಬಿ ತುಂಬಿಸಲು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನೀವು ನೋಡಬೇಕಾದುದು ವಿದ್ಯುತ್ತನ್ನು. 2.5 ಇಂಚಿನ ಲ್ಯಾಪ್‌ಟಾಪ್ ಡಿಸ್ಕಿಗೆ 5 ವೋಲ್ಟ್ ಸಾಕಾಗುವುದರಿಂದ ಅದು ಯುಎಸ್‌ಬಿ ಕೇಬಲ್ಲಿನಿಂದಲೇ ನಡೆಯುತ್ತದೆ. 3.5 ಇಂಚಿನ ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕು, ಅದು ಪ್ರತ್ಯೇಕ ಅಡಾಪ್ಟರಿನಿಂದಲೇ ಬರಬೇಕು. ತಟ್ಟೆ ತಿರುಗಲು ಶುರುವಾಗುವ ಆ ಕೆಲವು ಕ್ಷಣ 2 ಆಂಪಿಯರ್‌ವರೆಗೂ ಎಳೆಯುವ ಡಿಸ್ಕುಗಳಿರುವುದರಿಂದ, ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದೆಯೇ ನೋಡಿಕೊಳ್ಳಿ. ಅಡಾಪ್ಟರ್ ಸೋತರೆ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಾ ಮತ್ತೆ ಮತ್ತೆ ನಿಂತು ಹೊರಡುತ್ತದೆ. ಡಿಸ್ಕೇ ಕೆಟ್ಟಿತೆಂದು ಜನ ಅದನ್ನು ಎಸೆಯುವುದೂ ಉಂಟು.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು ಒಳಗಿನ ಬ್ರಿಡ್ಜ್ ಚಿಪ್, ಅಂದರೆ ಸಾಟಾ ಸಂಕೇತವನ್ನು ಯುಎಸ್‌ಬಿಗೆ ಬದಲಿಸುವ ಬಿಲ್ಲೆ. ಪೆಟ್ಟಿಗೆ ಕೆಟ್ಟ ದಿನ ಡಿಸ್ಕನ್ನು ಹೊರತೆಗೆದು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿದರೆ ಕಡತಗಳು ಕಾಣಬೇಕು. ಹಾಗೆ ಕಾಣದಂತೆ ಮಾಡುವ ಪೆಟ್ಟಿಗೆ ಎಷ್ಟೇ ಚಂದವಿದ್ದರೂ ಬ್ಯಾಕಪ್‌ಗೆ ತಕ್ಕುದಲ್ಲ.

ಇದಕ್ಕೆ ಅಡ್ಡಬರುವುದು ಎರಡು ಸಂಗತಿ. ಒಂದು, ಚಿಪ್‌ನಲ್ಲೇ ನಡೆಯುವ ಎನ್‌ಕ್ರಿಪ್ಷನ್: ಚಿಪ್ ಸುಟ್ಟುಹೋದರೆ, ಪಾಸ್‌ವರ್ಡ್ ನೆನಪಿದ್ದರೂ ಡಿಸ್ಕಿನಲ್ಲಿರುವುದನ್ನು ಬೇರೆಡೆ ಓದಲಾಗದಿರಬಹುದು. ಗೋಪ್ಯತೆ ಬೇಕಿದ್ದರೆ ಬಿಟ್‌ಲಾಕರ್, ವೆರಾಕ್ರಿಪ್ಟ್‌ನಂಥ ತಂತ್ರಾಂಶವೇ ಮೇಲು. ಇನ್ನೊಂದು, 2 ಟಿಬಿಗಿಂತ ದೊಡ್ಡ ಡಿಸ್ಕುಗಳು ಹಳೆಯ ವ್ಯವಸ್ಥೆಗಳಲ್ಲೂ ನಡೆಯಲೆಂದು ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು (ಡಿಸ್ಕ್ ಮಾಹಿತಿಯನ್ನು ಬರೆದಿಡುವ ಚಿಕ್ಕ ತುಣುಕನ್ನು) 4096 ಬೈಟಿನದೆಂದು ತೋರಿಸುವುದು. ಅಂಥದ್ದರಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ನೇರವಾಗಿ ಜೋಡಿಸಿದರೆ ಪಾರ್ಟಿಷನ್ನೇ, ಅಂದರೆ ಕಡತಗಳಿರುವ ವಿಭಾಗವೇ, ಕಾಣುವುದಿಲ್ಲ. ತೀರಾ ಹಳೆಯ ಚಿಪ್‌ಗಳಂತೂ 2.2 ಟಿಬಿಯಿಂದಾಚೆಗಿನ ಜಾಗವನ್ನು ಗುರುತಿಸುವುದೇ ಇಲ್ಲ. ನಿಮ್ಮದು 4 ಟಿಬಿಯಾದ್ದರಿಂದ ವಿವರಣೆಯಲ್ಲಿ ಗರಿಷ್ಠ ಸಾಮರ್ಥ್ಯವನ್ನು ಓದಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಸೆಕ್ಟರಿನ ಈ ವಿಷಯವನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲವಲ್ಲ, ತಿಳಿಯುವುದು ಹೇಗೆ? ರೇಡ್ ಬಗ್ಗೆಯೂ ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 3

ಎರಡೂ ಡಿಸ್ಕಿಗೆ ಒಂದೇ ಮಾಹಿತಿಯನ್ನು ಬರೆಯುವ ರೇಡ್ 1 ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ನೀವು ತಪ್ಪಿ ಅಳಿಸಿದ ಕಡತ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಎರಡನೆಯ ಡಿಸ್ಕ್ ಕೊಳ್ಳುವ ಮನಸ್ಸಿದ್ದರೆ ಅದನ್ನು ಬೇರೆಯದೇ ಪೆಟ್ಟಿಗೆಗೆ ಹಾಕಿ, ಮನೆಯಿಂದ ಹೊರಗೆ ಎಲ್ಲಾದರೂ ಇಡಿ.

ತಾಪದ ಪ್ರಸ್ತಾಪ ಯಾರೂ ಮಾಡಲಿಲ್ಲ. ಮೊದಲ ಬ್ಯಾಕಪ್ ಗಂಟೆಗಟ್ಟಲೆ ಬಿಡದೆ ನಡೆಯುವುದರಿಂದ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಗಿಂತ ಅಲ್ಯೂಮಿನಿಯಮ್ಮಿನದು ಒಳ್ಳೆಯದು. ವಾರಕ್ಕೊಮ್ಮೆಯ ಬಳಕೆಗೆ ಫ್ಯಾನ್ ಬೇಕೇಬೇಕೆಂದಿಲ್ಲ, ಸಣ್ಣ ಫ್ಯಾನುಗಳು ಕೆಲಕಾಲದಲ್ಲೇ ಗುರುಗುಟ್ಟುತ್ತವೆ ಕೂಡ. ಸ್ಮಾರ್ಟ್ ಮಾಹಿತಿಯನ್ನು (ಡಿಸ್ಕ್ ತನ್ನ ಸ್ಥಿತಿಗತಿಯ ಬಗ್ಗೆ ತಾನೇ ಇಡುವ ದಾಖಲೆಯನ್ನು) ಯುಎಸ್‌ಬಿ ಮೂಲಕ ದಾಟಿಸುವ ಪೆಟ್ಟಿಗೆಯಾದರೆ ಡಿಸ್ಕಿನ ಉಷ್ಣಾಂಶವನ್ನೂ ಕೆಟ್ಟ ಸೆಕ್ಟರುಗಳ ಎಣಿಕೆಯನ್ನೂ ಕಂಪ್ಯೂಟರಿನಲ್ಲೇ ನೋಡಬಹುದು.

ಸೆಕ್ಟರ್ ಪರೀಕ್ಷೆ ಸುಲಭ. ಡಿಸ್ಕಿನಲ್ಲಿ ಬೇಕಾದುದೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಅದನ್ನು ಹೊಸ ಪೆಟ್ಟಿಗೆಯಲ್ಲಿ ಜಿಪಿಟಿ (ದೊಡ್ಡ ಡಿಸ್ಕುಗಳಿಗೆ ಒಗ್ಗುವ ಪಾರ್ಟಿಷನ್ ಪಟ್ಟಿ) ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ, ನಾಲ್ಕಾರು ಕಡತಗಳನ್ನು ನಕಲಿಸಿ. ಬಳಿಕ ಡಿಸ್ಕನ್ನು ಹೊರತೆಗೆದು ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ ಸಿಕ್ಕಿಸಿ. ಕಡತಗಳು ತೆರೆದರೆ ಪೆಟ್ಟಿಗೆಯನ್ನು ಇಟ್ಟುಕೊಳ್ಳಿ. ಡಿಸ್ಕ್ ಖಾಲಿ ಎಂದು ಕಂಡರೆ, ವಾಪಸಾತಿಯ ಅವಧಿ ಮುಗಿಯುವುದರೊಳಗೆ ಹಿಂತಿರುಗಿಸಿ.