ಪದಚರ್ಚೆ: ಲಿವರ್ ಕ್ಯಾನ್ಸರ್ ವಿಷಯದಲ್ಲಿ ‘ಮೈಗುಣ’ ಎನ್ನಬಹುದೇ?

ಗೆಳೆಯರೇ,

ಹಾಸನ ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗಾಗಿ ವೈರಸ್‌ನಿಂದ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ.

ಈ ವೈರಸ್ ವರ್ಷಗಟ್ಟಲೆ ಮೈಯಲ್ಲಿ ಉಳಿದವರೆಲ್ಲರಿಗೂ ಲಿವರ್ ಕ್ಯಾನ್ಸರ್ ಬರುವುದಿಲ್ಲ. ಕೆಲವರಿಗೆ ಬರುತ್ತದೆ. ವಯಸ್ಸು, ಕುಡಿತ, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಜೊತೆಗೆ ಅಪ್ಪ ಅಮ್ಮನಿಂದ ಬಂದ ಜೀನ್‌ಗಳೂ ಅದಕ್ಕೆ ಸ್ವಲ್ಪ ಮಟ್ಟಿಗೆ ಕಾರಣ. ಜೀನ್‌ನಿಂದಾಗಿ ಕಾಯಿಲೆಗೆ ಬೇಗ ಈಡಾಗುವ ಈ ಸ್ವಭಾವಕ್ಕೆ ಏನೆನ್ನಬೇಕು?

‘ಆನುವಂಶಿಕ ಪ್ರವೃತ್ತಿ’ ತಪ್ಪೇನಲ್ಲ. ಆದರೆ ಅರಕಲಗೂಡಿನ ಕಡೆ ಜಗುಲಿಯಲ್ಲಿ ಕೂತು ಬಸುರಿ ಹೆಂಗಸಿಗೆ ಹೇಳುವ ಮಾತಲ್ಲ. ‘ಮನೆತನದ ಕಾಯಿಲೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ನನ್ನ ಭಯವೂ ಅದೇ. ತಾಯಿಗೂ ಮಕ್ಕಳಿಗೂ ಹೆಪಟೈಟಿಸ್ ಬಿ ಇದ್ದರೆ, ಅಲ್ಲಿ ದಾಟಿರುವುದು ಜೀನ್ ಅಲ್ಲ, ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ದಾಟಿದ ವೈರಸ್. ಹುಟ್ಟುವಾಗಲೇ ಸೋಂಕು ತಗಲಿದ 10 ಮಕ್ಕಳಲ್ಲಿ ಸುಮಾರು 9 ಮಕ್ಕಳಿಗೆ ಅದು ಮೈಯಲ್ಲೇ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ಹಾಗೆ ಉಳಿಯುವುದು 100ರಲ್ಲಿ 5ಕ್ಕಿಂತ ಕಡಿಮೆ ಜನರಿಗೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಹಾಕಿಸಿ, ಮುಂದಿನ ಡೋಸ್‌ಗಳನ್ನೂ ತಪ್ಪಿಸದಿದ್ದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ‘ಮನೆತನದ್ದು’ ಎಂದುಬಿಟ್ಟರೆ ಜನ ಹಣೆಬರಹ ಅಂತ ಸುಮ್ನೆ ಕೂರುತ್ತಾರೆ. ಆ ಮನೆಯ ಹೆಣ್ಣುಮಕ್ಕಳ ಮದುವೆಗೂ ತೊಡಕು, ಅಲ್ವಾ?

‘ಹುಟ್ಟುಗುಣ’ ಚೆನ್ನಾಗಿದೆ. ಆದರೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅದರ ಬೆನ್ನಿಗೇ ಬರುತ್ತದೆ. ಭರವಸೆ ಕೊಡಬೇಕಾದ ಕಡೆ ಆ ಗಾದೆ ಬೇಡ. ‘ಒಲವು’ ಎಂದರೆ ಕಾಯಿಲೆಯನ್ನು ಇಷ್ಟಪಟ್ಟು ಕರೆದಂತಾಗುತ್ತದೆ.

ಉಳಿದದ್ದು ‘ಮೈಗುಣ’. ನನಗೆ ಇದರ ಮೇಲೇ ಮನಸ್ಸು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೊಂದುತ್ತದೆ, ವಿಷಯ ಇರುವುದೂ ಹಾಗೆಯೇ. ಪಿಎನ್‌ಪಿಎಲ್‌ಎ3 ಎಂಬ ಜೀನ್‌ನ ಒಂದು ರೂಪ ಇದ್ದವರ ಲಿವರ್‌ನಲ್ಲಿ ಕೊಬ್ಬು ಜಾಸ್ತಿ ಸೇರುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಅಂಥವರು ಕುಡಿದರೆ ಸಿರೋಸಿಸ್, ಕ್ಯಾನ್ಸರ್ ಅಪಾಯ ಇನ್ನಷ್ಟು ಏರುತ್ತದೆ. ಎಚ್‌ಎಸ್‌ಡಿ17ಬಿ13 ಎಂಬ ಜೀನ್‌ನ ಕೆಲವು ರೂಪಗಳು ಲಿವರನ್ನು ಕಾಯುತ್ತವೆ. ಇನ್ನು ಮೈಯ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಗುಂಪಿನ ಜೀನ್‌ಗಳು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಉಳಿಯುತ್ತದೋ ಹೋಗುತ್ತದೋ ಎಂಬುದರ ಮೇಲೆ ಪ್ರಭಾವ ಬೀರುತ್ತವೆ. ಇವನ್ನೆಲ್ಲ ‘ಕಾಯಿಲೆ’ ಅನ್ನಲಾಗದು, ‘ಮೈಗುಣ’ ಅನ್ನಬಹುದು.

ತೊಡಕು ಒಂದಿದೆ. ‘ನನ್ನದು ಉಷ್ಣದ ಮೈ’ ಎನ್ನುವವರು ಇದನ್ನೂ ಆ ಲೆಕ್ಕಕ್ಕೇ ಸೇರಿಸಬಹುದು. ಜೊತೆಗೆ, ಹೆಪಟೈಟಿಸ್ ಬಿ ವೈರಸ್ ತನ್ನ ಡಿಎನ್‌ಎ ತುಣುಕನ್ನು ಲಿವರ್ ಜೀವಕೋಶದ ಡಿಎನ್‌ಎ ಒಳಗೆ ಸೇರಿಸಿಬಿಡುತ್ತದೆ. ಆಗ ಆಗುವ ಹಾನಿ ಆ ಲಿವರ್‌ನಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಅದಕ್ಕೆ ‘ಜೀನ್ ಕೆಡುವುದು’ ಎಂದು ಬೇರೆಯಾಗಿಯೇ ಬರೆದಿದ್ದೇನೆ.

ಸದ್ಯಕ್ಕೆ ಕೈಪಿಡಿಯ ಸಾಲು ಹೀಗಿದೆ: ‘ನಿಮ್ಮ ಮೈಗುಣ ಹೇಗೇ ಇರಲಿ, ಡಾಕ್ಟರ್ ಹೇಳಿದ್ದರೆ 6 ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ತಪ್ಪಿಸಬೇಡಿ.’

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಮೈಗುಣ’ವನ್ನು ಕಾಯಿಲೆಯ ಮಾತಿನಲ್ಲಿ ಬಳಸುತ್ತಾರಾ? ಅಪ್ಪ ಅಮ್ಮನಿಂದ ಬಂದದ್ದು ಎಂಬ ಅರ್ಥ ಅದರಲ್ಲಿ ತಾನಾಗಿಯೇ ಬರುತ್ತದಾ, ಇಲ್ಲಾ ‘ಹೆತ್ತವರಿಂದ ಬಂದ ಮೈಗುಣ’ ಎಂದು ಬಿಡಿಸಿ ಬರೆಯಬೇಕಾ?