ಕಲ್ಯಾಣಿ ಹೋಗಿ ಶಂಕರಾಭರಣ ಬಂತು: ನಮ್ಮನೆ ಗುಂಪಿನ ಜಗಳ

ಗುಂಪು: ಕೋಲಾರದ ಮನೆ

(ದೊಡ್ಡಪ್ಪನ ಮಗಳ ಮದುವೆಗೆ ಕಲ್ಯಾಣಿ ರಾಗದ ತಾತನ ಆರತಿ ಹಾಡನ್ನ ಕೀಬೋರ್ಡು, ಕ್ಲಾರಿನೆಟ್ ಸೇರಿಸಿ ಹಾಡಿಸೋದು ಅಂತ ತೀರ್ಮಾನ ಆಗಿತ್ತು. ತಾತನ ನೋಟ್‌ಬುಕ್ಕಿನ ಸ್ವರಗಳನ್ನ ಲಿಲಿಪಾಂಡ್ ಅನ್ನೋ ಸಂಗೀತ ಬರೆಯೋ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ನಾನು ಗುಂಪಿಗೆ ಹಾಕಿದೆ. ಹೆಸರುಗಳು ನನ್ನ ಫೋನಲ್ಲಿ ಸೇವ್ ಆಗಿರೋ ಹಾಗೇ ಇವೆ; ಪುಟ್ಟಿ ಮಾತ್ರ ನನ್ನನ್ನೂ ಅಣ್ಣ ಅಂತಾಳೆ. ಗುಡ್ ಮಾರ್ನಿಂಗ್ ಹೂವುಗಳನ್ನ ಮಾತ್ರ ತೆಗೆದಿದ್ದೀನಿ.)

ನಾನು: ಎರಡು ಫೈಲ್ ಕಳಿಸಿದ್ದೀನಿ. ಪಿಡಿಎಫ್ ನೋಡೋದಕ್ಕೆ, ಇನ್ನೊಂದು ತಿದ್ದೋದಕ್ಕೆ.

ಅಮ್ಮ: ಎರಡನೇದು ಓಪನ್ನೇ ಆಗ್ತಿಲ್ಲ ಕಣೋ

ದೊಡ್ಡಪ್ಪ: ನನ್ನ ಫೋನಲ್ಲಿ ಓಪನ್ ಆಯ್ತು. ಬರೀ ಎ ಬಿ ಸಿ ಡಿ, ಮಧ್ಯದಲ್ಲಿ ನಂಬರು. ಅಪ್ಪನ ಹಾಡೆಲ್ಲಿ ಇದರಲ್ಲಿ?

ನಾನು: ಅದೇ ಹಾಡು ದೊಡ್ಡಪ್ಪ. ಷಡ್ಜಕ್ಕೆ ಸಿ, ರಿಷಭಕ್ಕೆ ಡಿ, ಗಾಂಧಾರಕ್ಕೆ ಇ. ಅಕ್ಷರದಲ್ಲಿ ಬರೆದು ಕೊಟ್ರೆ ಐದು ಗೆರೆ ಎಳೆದು ಪುಟ ಮಾಡಿ ಕೊಡೋದು ಲಿಲಿಪಾಂಡ್ ಕೆಲಸ. ದುಡ್ಡಿಲ್ಲ, ಪುಕ್ಕಟೆ.

ಅಣ್ಣ: ಮ್ಯೂಸ್‌ಸ್ಕೋರ್ ಕೂಡ ಪುಕ್ಕಟೆನೇ. ಅದರಲ್ಲಿ ಮೌಸಲ್ಲಿ ಒತ್ತಿದ ಕಡೆ ಸ್ವರ ಕೂರುತ್ತೆ, ಕಣ್ಣೆದುರಿಗೇ ಕಾಣುತ್ತೆ. ಈ ಕಾಲದಲ್ಲಿ ಯಾರೋ ಟೈಪ್ ಮಾಡ್ತಾರೆ ಸಂಗೀತಾನ?

ನಾನು: ತಾತನೂ ಅಕ್ಷರದಲ್ಲೇ ತಾನೇ ಬರೆದಿಟ್ಟಿದ್ದು?

ದೊಡ್ಡಪ್ಪ: ಅದು ಸರಿ. ಆದರೆ ಈ ನಂಬರು ಏನು? ಗಾಂಧಾರ 8 ಅಂತಿದೆ. ಅಪ್ಪ ಹಿಡಿದಿದ್ದು ಅರ್ಧ ಮಾತ್ರೆ.

ನಾನು: ಭಿನ್ನರಾಶಿ ದೊಡ್ಡಪ್ಪ. 2 ಅಂದ್ರೆ ಅರ್ಧ, 4 ಅಂದ್ರೆ ಕಾಲು, 8 ಅಂದ್ರೆ ಅರೆಕಾಲು, 16 ಅಂದ್ರೆ ವೀಸ. ಕಾಲನ್ನ ಒಂದು ಮಾತ್ರೆ ಅಂತ ಇಟ್ಕೊಂಡಿದ್ದೀನಿ, ಹಾಗಾಗಿ 8 ಅರ್ಧ ಮಾತ್ರೆ. ಒಂದ್ಸಲ ನಂಬರ್ ಹಾಕಿದ್ರೆ ಮುಂದಿನ ಸ್ವರಗಳಿಗೂ ಅದೇ, ಬೇರೆ ನಂಬರ್ ಬರೋವರೆಗೆ.

ದೊಡ್ಡಪ್ಪ: ಹಾಗೆ ಹೇಳು ಮತ್ತೆ. ವೀಸ ಅನ್ನೋ ಮಾತು ಕೇಳಿ ಎಷ್ಟು ಕಾಲ ಆಯ್ತೋ 😀

ಪುಟ್ಟಿ: ಅಣ್ಣ, ಚರಣ ನಾನು ಟೈಪ್ ಮಾಡಿದೆ, ಲ್ಯಾಪ್‌ಟಾಪಲ್ಲಿ ಹಾಕಿದ್ರೆ ಸ್ವರಗಳು ಗೆರೆ ಬಿಟ್ಟು ಕೆಳಗೆ ಕೆಳಗೆ ಹೋಗ್ತಾ ಇವೆ

ನಾನು: ತಾತನ ಪುಸ್ತಕದಲ್ಲಿದ್ದ ಕಾಮಾ ಹಾಗೇ ಹಾಕಿದ್ಯಾ?

ಪುಟ್ಟಿ: ಹೂಂ. ಪುಸ್ತಕದಲ್ಲಿ ಇದ್ದ ಹಾಗೇ.

ನಾನು: ನಮ್ಮಲ್ಲಿ ಕಾಮಾ ಅಂದ್ರೆ ಸ್ವರಾನ ಒಂದು ಅಕ್ಷರಕಾಲ ಎಳಿ ಅಂತ. ಲಿಲಿಪಾಂಡ್‌ಗೆ ಕಾಮಾ ಅಂದ್ರೆ ಒಂದು ಸ್ಥಾಯಿ ಕೆಳಗಿಳಿ ಅಂತ. ಹತ್ತು ಕಾಮಾ ಹಾಕಿದ್ರೆ ಹಾಡು ಪಾತಾಳಕ್ಕೇ. ಎಳೆಯೋದಕ್ಕೆ ನಂಬರು ಬದಲಾಯಿಸು. ಪುಸ್ತಕದಲ್ಲಿ ಸ್ವರದ ಕೆಳಗೆ ಚುಕ್ಕಿ ಇದ್ರೆ ಆಗ ಕಾಮಾ, ಮೇಲೆ ಚುಕ್ಕಿ ಇದ್ರೆ ಮೇಲುಕಾಮಾ.

ಅಣ್ಣ: ಇದಕ್ಕೇ ಹೇಳಿದ್ದು ಮೌಸ್ ಒಳ್ಳೇದು ಅಂತ

(ಮಧ್ಯಾಹ್ನ ಪುಟ್ಟಿ ಸರಿ ಮಾಡಿದ ಫೈಲನ್ನ ಅಣ್ಣ ಬಂಗಾರಪೇಟೆ ಟ್ರೇನಲ್ಲಿ ಕೂತು ಫೋನಲ್ಲೇ ಇನ್ನೊಮ್ಮೆ ತಿದ್ದಿದ್ದಾನೆ. ಪುಟ್ಟಿ ಅದನ್ನ ಓಡಿಸಿ, ಹಾಡು ಕೇಳಿಸೋ ಮಿಡಿ ಫೈಲನ್ನೂ ಗುಂಪಿಗೆ ಹಾಕಿದ್ದಾಳೆ. ನಿಜವಾದ ಜಗಳ ಇಲ್ಲಿಂದ ಶುರು.)

ಮುಳಬಾಗಿಲು ಅತ್ತೆ: ಯಾರು ಇದನ್ನ ಮಾಡಿದ್ದು? ಪಲ್ಲವಿ ಕಲ್ಯಾಣಿ, ಚರಣ ಶಂಕರಾಭರಣ! ಅಪ್ಪ ಇದ್ದಿದ್ರೆ ತಂಬೂರಿ ಎತ್ಕೊಂಡು ಬರ್ತಿದ್ರು

ದೊಡ್ಡಪ್ಪ: ಮಧ್ಯಮ ಹೋಯ್ತು. ಸ್ವಲ್ಪ ಮೇಲಿರೋ ಪ್ರತಿಮಧ್ಯಮ ಇರಬೇಕಾದ ಕಡೆ ಶುದ್ಧ ಮಧ್ಯಮ. 65ನೇ ಮೇಳರಾಗ ಕಲ್ಯಾಣಿ 29ನೇ ಶಂಕರಾಭರಣಕ್ಕೆ ಬಂದು ಕೂತಿದೆ. ಎರಡರ ಮಧ್ಯೆ ಇರೋದು ಅದೊಂದೇ ವ್ಯತ್ಯಾಸ.

ಅಮ್ಮ: ಕಂಪ್ಯೂಟರ್ ಕೈಗೆ ಕೊಟ್ರೆ ಇಷ್ಟೇ

ನಾನು: ಕಂಪ್ಯೂಟರ್ ಅಲ್ಲಮ್ಮ. ಚರಣದಲ್ಲಿ ಎಲ್ಲ ಕಡೆ ಬರೀ ಎಫ್ ಇದೆ. ಎಫ್ ಜೊತೆ ಐ, ಎಸ್ ಸೇರಿಸಬೇಕು, ಆಗ ಎಫ್ ಶಾರ್ಪ್, ಅಂದ್ರೆ ಪ್ರತಿಮಧ್ಯಮ. ಅಣ್ಣ, ತೆಗೆದಿದ್ದು ನೀನಾ?

ಅಣ್ಣ: ತೆಗೆದೆ. ಮೇಲ್ಗಡೆ ಕೀ ಸಿಗ್ನೇಚರ್‌ನಲ್ಲಿ ಇಡೀ ಹಾಡಿಗೆ ಅಂತ ಶಾರ್ಪ್ ಹಾಕಿದೀಯಲ್ಲ! ಒಂದ್ಸಲ ಹೇಳಿದ್ಮೇಲೆ ಒಂದೊಂದು ಮಧ್ಯಮಕ್ಕೂ ಮತ್ತೆ ಮತ್ತೆ ಯಾಕೆ? ಕೈಯಲ್ಲಿ ಬರೆಯೋರು ಯಾರಾದ್ರೂ ಹಾಗೆ ಬರೀತಾರಾ?

ನಾನು: ಪಿಡಿಎಫ್ ನೋಡು. ಎಫ್‌ಗಳ ಮುಂದೆ ಶಾರ್ಪ್ ಬೇಡ ಅನ್ನೋ ನ್ಯಾಚುರಲ್ ಗುರುತು ಬಂದಿದೆ ತಾನೇ? ನೀನು ಫೈಲಲ್ಲಿ ಬರೆಯೋದು ಕಿವಿಗೆ ಕೇಳಬೇಕಾದ ಸ್ವರ. ಕಾಗದದ ಮೇಲೆ ಶಾರ್ಪ್ ಕಾಣಿಸಬೇಕಾ ಬೇಡವಾ ಅಂತ ಲೆಕ್ಕ ಹಾಕೋದು ಲಿಲಿಪಾಂಡ್. ಸಿಗ್ನೇಚರ್‌ನಲ್ಲಿ ಇದ್ರೆ ಅದೇ ಬಿಟ್ಟುಬಿಡುತ್ತೆ. ಹೊಸದಾಗಿ ಕಲಿಯೋರು ಎಲ್ಲರೂ ಮೊದಲು ಕೇಳೋ ಪ್ರಶ್ನೆ ಇದೇ.

ಅಣ್ಣ: ಎಲ್ಲರೂ ಅದನ್ನೇ ಕೇಳ್ತಾರೆ ಅಂದ್ರೆ ಅದು ಸಾಫ್ಟ್‌ವೇರ್ ತಪ್ಪು

ನಾನು: ಅಲ್ಲ. ನಾಳೆ ಶ್ರುತಿ ಬದಲಾದ್ರೆ ಸಿಗ್ನೇಚರ್ ಬದಲಾಗುತ್ತೆ. ಆಗ ಬರೀ ಎಫ್ ಅಂತ ಬರೆದಿದ್ರೆ ಅದು ಯಾವ ಮಧ್ಯಮ ಅಂತ ಯಾರಿಗೆ ಗೊತ್ತಾಗುತ್ತೆ?

ಪುಟ್ಟಿ: ಇನ್ನೊಂದು. ಅಣ್ಣ ಕಳಿಸಿದ ಫೈಲಲ್ಲಿ ಸಾಲಿನ ಮೊದಲ ಸಿ ಎಲ್ಲ ದೊಡ್ಡಕ್ಷರ ಆಗಿತ್ತು. ಇದು ಸ್ವರವೇ ಅಲ್ಲ ಅಂತ ಎರರ್ ಬಂತು. ನಾನು ಚಿಕ್ಕದು ಮಾಡಿದೆ.

ಅಣ್ಣ: ಅದು ಫೋನ್ ಕೀಬೋರ್ಡ್ ತಾನಾಗೇ ಮಾಡಿದ್ದು. ಅದನ್ನೂ ನನ್ನ ತಲೆಗೇ ಕಟ್ಟಿ 🙏

ಮಾವ: ಒಂದ್ನಿಮಿಷ. ಪುಟ್ಟಿಯ ಕೀಬೋರ್ಡ್ ಹಾಳೆನೇ ಇಟ್ಕೊಂಡು ಕ್ಲಾರಿನೆಟ್ ಊದಿದೆ. ಕೀಬೋರ್ಡ್‌ಗಿಂತ ಒಂದು ಸ್ವರ ಕೆಳಗೆ ಕೇಳ್ತಿದೆ.

ನಾನು: ನಿಮ್ಮದು ಬಿ ಫ್ಲಾಟ್ ಕ್ಲಾರಿನೆಟ್ ಮಾವ, ಹಾಳೆಯಲ್ಲಿ ಸಿ ನೋಡಿ ಊದಿದ್ರೆ ಬಿ ಫ್ಲಾಟ್ ಕೇಳುತ್ತೆ. ನಿಮ್ಮ ಹಾಳೆ ಬೇರೆ ಬರುತ್ತೆ. ಅತ್ತೆ, ನಿಮ್ಮ ಶ್ರುತಿ ಯಾವುದು?

ಮುಳಬಾಗಿಲು ಅತ್ತೆ: ಜಿ. ಅಷ್ಟೂ ಗೊತ್ತಿಲ್ವಾ ನಿಂಗೆ?

ನಾನು: ಎರಡೂ ಈಗ ಕಳಿಸಿದೆ. ಜಿ ಶ್ರುತಿಗೆ ಪುಟ್ಟಿ ಹಾಳೆಯಲ್ಲಿ 2 ಶಾರ್ಪ್, ಮಾವನ ಹಾಳೆಯಲ್ಲಿ 4. ಹಾಡನ್ನ ಮತ್ತೆ ಬರೆದಿಲ್ಲ. ಶ್ರುತಿ ಬದಲಾಯಿಸೋದಕ್ಕೆ ಟ್ರಾನ್ಸ್‌ಪೋಸ್ ಅಂತ ಒಂದೊಂದು ಸಾಲು ಸೇರಿಸಿದ್ದು ಅಷ್ಟೇ. ಮೂಲ ಒಂದೇ ಇರೋದ್ರಿಂದ ಅಲ್ಲಿ ಒಂದು ಸ್ವರ ತಿದ್ದಿದ್ರೆ ಇಬ್ಬರ ಹಾಳೆಯಲ್ಲೂ ತಿದ್ದಿದ ಹಾಗೆ.

ಅಣ್ಣ: ಮ್ಯೂಸ್‌ಸ್ಕೋರಲ್ಲೂ ಇದಾಗುತ್ತೆ

ನಾನು: ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ನೀನು ಎಲ್ಲಿ ಏನು ತಿದ್ದಿದೆ ಅಂತ ಹಳೇ ಫೈಲು ಹೊಸ ಫೈಲು ಪಕ್ಕ ಪಕ್ಕ ಇಟ್ಟು ನಾನು ಕಣ್ಣಲ್ಲೇ ಹಿಡಿದೆ ನೋಡು, ಅದು ಬರೀ ಅಕ್ಷರ ಆಗಿದ್ದಕ್ಕೆ.

(ಅಣ್ಣ ಇದಕ್ಕೆ ಹೆಬ್ಬೆರಳು ಒತ್ತಿ ಸುಮ್ಮನಾದ. ಅಣ್ಣ ಸುಮ್ಮನಾದ ಅಂದ್ರೆ ಒಪ್ಪಿದ ಅಂತಲ್ಲ.)

ದೊಡ್ಡಪ್ಪ: ತಾಳದ ಗೆರೆ ಸರಿಯಿಲ್ಲ. ಆದಿತಾಳಕ್ಕೆ 4, 2, 2 ಮಾತ್ರೆ ಬರಬೇಕು. ಇಲ್ಲಿ 4, 4 ಇದೆ. ನಾನೇ ಫೈಲಲ್ಲಿ ಒಂದು ನಿಂತ ಗೆರೆ ಸೇರಿಸಿ ಪುಟ್ಟಿಗೆ ಕೊಟ್ಟೆ, ಪಿಡಿಎಫ್‌ನಲ್ಲಿ ಬರಲೇ ಇಲ್ಲ.

ನಾನು: ಫೈಲಲ್ಲಿ ಹಾಕೋ ಆ ಗೆರೆ ಎಳೆಯೋದಕ್ಕಲ್ಲ ದೊಡ್ಡಪ್ಪ, ಲೆಕ್ಕ ನೋಡೋದಕ್ಕೆ. ಅಲ್ಲಿ ಮಾತ್ರೆ ಸರಿಹೋಗದಿದ್ರೆ ಎಚ್ಚರಿಕೆ ಕೊಡುತ್ತೆ. ಎಳೆಯೋ ಗೆರೆಗೆ ಬೇರೆ ಆಜ್ಞೆ ಇದೆ. ಎಂಟು ಮಾತ್ರೆಗೆ ಒಂದು ಆವರ್ತ ಅಂತ ಮಾಡಿ, ಲಘು (4), ದ್ರುತ (2) ಮುಗಿಯೋ ಕಡೆ ತುಂಡುಗೆರೆ, ಆವರ್ತಕ್ಕೆ ಜೋಡಿಗೆರೆ ಹಾಕ್ತೀನಿ.

ಮುಳಬಾಗಿಲು ಅತ್ತೆ: ಗೆರೆ ಎಲ್ಲ ಎಳೀತೀರ, ಸ್ವರ ಆಡಿಸೋ ಗಮಕ ಎಲ್ಲಿ? ಕಲ್ಯಾಣಿ ಗಾಂಧಾರ, ನಿಷಾದ ಹಾಗೆ ಕಡ್ಡಿ ಥರ ನಿಲ್ಲುತ್ತಾ? ಇಂಗ್ಲಿಷ್ ಗೆರೆಗೆ ನಮ್ಮ ಸಂಗೀತ ಹತ್ತಲ್ಲ.

ದೊಡ್ಡಪ್ಪ: ಹತ್ತಿಸೋರು ಹಿಂದೇನೇ ಹತ್ತಿಸಿದ್ದಾರೆ. ಮದರಾಸಿನ ಚಿನ್ನಸ್ವಾಮಿ ಮೊದಲಿಯಾರ್ 1893ರಲ್ಲೇ ತ್ಯಾಗರಾಜರ ಕೀರ್ತನೆಗಳನ್ನ ಈ ಐದು ಗೆರೆಯ ಸ್ಟಾಫ್ ನೊಟೇಶನ್‌ನಲ್ಲಿ ಅಚ್ಚು ಹಾಕಿಸಿದ್ರು.

ಮುಳಬಾಗಿಲು ಅತ್ತೆ: ಸುಬ್ಬರಾಮ ದೀಕ್ಷಿತರು 1904ರ ತಮ್ಮ ಪುಸ್ತಕದಲ್ಲಿ ಏನು ಮಾಡಿದ್ರು ಅಣ್ಣಯ್ಯ? ಸ್ವರ ಅಕ್ಷರದಲ್ಲೇ ಇಟ್ಟು, ಗಮಕಕ್ಕೆ ಬೇರೆ ಬೇರೆ ಚಿಹ್ನೆ ಮಾಡಿದ್ರು. ಅದನ್ನ ಹೇಳಲ್ಲ ನೀನು.

(ಇಬ್ಬರೂ ಹೇಳಿದ್ದು ನಿಜ. ನನಗೆ ಅತ್ತೆ ಮಾತೇ ಹೆಚ್ಚು ಸರಿ ಅನ್ನಿಸ್ತು. ಐದು ಗೆರೆ ಬೇಕಾಗಿರೋದು ಪುಟ್ಟಿಗೂ ಮಾವನಿಗೂ, ಅತ್ತೆಗಲ್ಲ.)

ನಾನು: ಅತ್ತೆ, ಗೆರೆ ಕೆಳಗೆ ಎರಡು ಸಾಲು ಕೊಡ್ತೀನಿ. ಒಂದರಲ್ಲಿ ಸ ರಿ ಗ ಮ ಕನ್ನಡದಲ್ಲೇ, ಅದರ ಕೆಳಗೆ ಸಾಹಿತ್ಯ. ಗಮಕ ನೀವೇ ಕೂರಿಸಿ ಹೇಳ್ಕೊಡಿ.

ಪುಟ್ಟಿ: ಸಾಹಿತ್ಯ ನಾನು ಹಾಕಿ ನೋಡಿದೆ ಅಣ್ಣ. ಒತ್ತಕ್ಷರ ಚೆನ್ನಾಗೇ ಬರ್ತಿದೆ, ಆದರೆ ಅರ್ಧ ಹಾಡಿಗೇ ಸಾಹಿತ್ಯ ಮುಗಿದುಹೋಗುತ್ತೆ

ನಾನು: ಒಂದು ಸ್ವರಕ್ಕೆ ಒಂದು ಅಕ್ಷರ ಅಂತ ಅದು ಹಂಚ್ತಾ ಹೋಗುತ್ತೆ. ಒಂದೇ ಅಕ್ಷರಾನ ನಾಲ್ಕು ಸ್ವರ ಎಳೆಯೋ ಕಡೆ ಆ ನಾಲ್ಕಕ್ಕೂ ಸೇರಿಸಿ ಸ್ಲರ್ ಅನ್ನೋ ಕಮಾನು ಹಾಕು, ಸಾಹಿತ್ಯ ಕಾಯುತ್ತೆ. ಆದರೆ ಸ ರಿ ಗ ಮ ಸಾಲು ಕಾಯಬಾರದು, ಅದಕ್ಕೆ ಸ್ಲರ್ ಲೆಕ್ಕಿಸಬೇಡ ಅಂತ ಬೇರೆ ಹೇಳಬೇಕು. ಅದು ನನಗೆ ಬಿಡು.

ಅಮ್ಮ: ಆಯ್ತಲ್ಲ ಎಲ್ಲಾ? ಪ್ರಿಂಟ್ ಎಷ್ಟು ಕಾಪಿ ಹೇಳಿ, ಡೂಂ ಲೈಟ್ ಸರ್ಕಲ್ ಹತ್ರ ಹೋಗೋಳಿದ್ದೀನಿ

ಮುಳಬಾಗಿಲು ಅತ್ತೆ: ತಡಿ ಅತ್ತಿಗೆ. ಎರಡನೇ ಚರಣದಲ್ಲಿ ಅಪ್ಪ ಪಂಚಮ ಬಿಟ್ಟು ಹಾಡ್ತಿದ್ರು. ಗ ಮ ದ ನಿ. ಇದರಲ್ಲಿ ಗ ಮ ಪ ದ ನಿ ಇದೆ.

ದೊಡ್ಡಪ್ಪ: ಪುಸ್ತಕದಲ್ಲಿ ಪಂಚಮ ಇದೆ. ಅಪ್ಪನ ಅಕ್ಷರವೇ.

ಮುಳಬಾಗಿಲು ಅತ್ತೆ: ಬರೆದಿದ್ದು ಹಾಗೆ. ಹಾಡಿದ್ದು ಹೀಗೆ. ಪಕ್ಕದಲ್ಲಿ ಕೂತು ಕಲಿತೋಳು ನಾನು.

ನಾನು: ಫೈಲಲ್ಲಿ ಎರಡನ್ನೂ ಬರೆದಿಡ್ತೀನಿ. ಯಾವ ಸಾಲಿನ ಮುಂದೆ ಪರ್ಸೆಂಟ್ ಗುರುತು ಹಾಕ್ತೀವೋ ಆ ಸಾಲು ಅಚ್ಚಾಗಲ್ಲ, ಆದರೆ ಫೈಲಲ್ಲಿ ಇದ್ದೇ ಇರುತ್ತೆ.

ಮುಳಬಾಗಿಲು ಅತ್ತೆ: ಯಾರ ಸಾಲಿನ ಮುಂದೆ ಹಾಕ್ತೀಯ?

ದೊಡ್ಡಪ್ಪ: ಅವಳದರ ಮುಂದೆ.