ಚಾರ್ಟರ್ ಶಾಲೆಗಳ ವೆಚ್ಚವನ್ನು ಪಟ್ಟಣಗಳು ಏಕೆ ಹೊರಬೇಕು?

ಪ್ರಶ್ನೆ:
ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಿದ್ಯಾರ್ಥಿಯೊಬ್ಬ ಚಾರ್ಟರ್ ಶಾಲೆಗೆ (ಸಾರ್ವಜನಿಕ ಹಣದಲ್ಲಿ, ಆದರೆ ಪಟ್ಟಣದ ಶಾಲಾ ಆಡಳಿತದಿಂದ ಸ್ವತಂತ್ರವಾಗಿ ನಡೆಯುವ ಶಾಲೆ) ಸೇರಿದರೆ, ಅವನ ವೆಚ್ಚವನ್ನು ಅವನ ಪಟ್ಟಣಕ್ಕೆ ಸಲ್ಲಬೇಕಾದ ರಾಜ್ಯ ಅನುದಾನದಿಂದ ಕಡಿತಗೊಳಿಸಲಾಗುತ್ತದೆ. ವಿದ್ಯಾರ್ಥಿಯೇ ಅಲ್ಲಿಲ್ಲದ ಮೇಲೆ ಪಟ್ಟಣಕ್ಕೆ ನಷ್ಟವಾಗುವುದಾದರೂ ಹೇಗೆ?

ಉತ್ತರ 1:
ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ಹತ್ತಾರು ಮಕ್ಕಳು ಬೇರೆ ಬೇರೆ ತರಗತಿಗಳಿಂದ ಹೊರಟುಹೋದಾಗ ಒಬ್ಬ ಶಿಕ್ಷಕರನ್ನೂ ಕಡಿಮೆ ಮಾಡಲಾಗುವುದಿಲ್ಲ. ಕಟ್ಟಡದ ನಿರ್ವಹಣೆ, ಬಸ್ಸು, ನಿವೃತ್ತ ನೌಕರರ ವಿಮೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಇದನ್ನು ಮನಗಂಡೇ 2019ರ ಕಾಯ್ದೆಯು, ಹೆಚ್ಚಾದ ಹೊರೆಯಲ್ಲಿ ಮೊದಲ ವರ್ಷ ಶೇ. 100, ಎರಡನೆಯ ವರ್ಷ ಶೇ. 60, ಮೂರನೆಯ ವರ್ಷ ಶೇ. 40ರಷ್ಟನ್ನು ರಾಜ್ಯವೇ ಮರುಪಾವತಿಸಬೇಕೆಂದು ನಿಗದಿಪಡಿಸಿತು. ಅದಕ್ಕೂ ಹಿಂದಿನ ಸೂತ್ರ ಕಾಗದದಲ್ಲಿ ಉದಾರವಾಗಿತ್ತಾದರೂ ಹಲವು ವರ್ಷ ಅದಕ್ಕೆ ಪೂರ್ಣ ಹಣ ಒದಗಿಸಲೇ ಇಲ್ಲ.

ಉತ್ತರ 2:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಚಾರ್ಟರ್ ಶಾಲೆಗಳೂ ಶುಲ್ಕವಿಲ್ಲದ ಸಾರ್ವಜನಿಕ ಶಾಲೆಗಳೇ. ಅರ್ಜಿಗಳು ಸೀಟುಗಳಿಗಿಂತ ಹೆಚ್ಚಾದರೆ ಲಾಟರಿ ಎತ್ತಲಾಗುತ್ತದೆ. ಅಲ್ಲಿನ ಪೋಷಕರೂ ತೆರಿಗೆ ಕಟ್ಟುವವರೇ ಆಗಿರುವಾಗ ಅವರ ಮಕ್ಕಳ ಪಾಲನ್ನು "ಪಟ್ಟಣದ ಹಣ" ಎನ್ನುವುದು ನ್ಯಾಯವೆನಿಸುವುದಿಲ್ಲ. ಮೇಲಾಗಿ, ಶಾಲಾ ಜಿಲ್ಲೆಯ (ಪಟ್ಟಣದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕ) ವೆಚ್ಚದಲ್ಲಿ ಚಾರ್ಟರ್ ಶಾಲೆಗಳಿಗೆ ಹೋಗಬಹುದಾದ ಪಾಲಿಗೆ ಸಾಮಾನ್ಯವಾಗಿ ಶೇ. 9ರ, ಅತ್ಯಂತ ಹಿಂದುಳಿದ ಫಲಿತಾಂಶದ ಜಿಲ್ಲೆಗಳಲ್ಲಿ ಶೇ. 18ರ ಮಿತಿಯಿದೆ.

ಉತ್ತರ 3:
ಚಾರ್ಟರ್ ಶಾಲೆಗಳ ಸಂಖ್ಯೆಯ ಮಿತಿಯನ್ನು ಸಡಿಲಿಸುವ ಪ್ರಸ್ತಾವವನ್ನು 2016ರಲ್ಲಿ ಮತದಾರರು ಸುಮಾರು ಶೇ. 62ರಷ್ಟು ಮತಗಳಿಂದ ತಿರಸ್ಕರಿಸಿದರು. ಪಟ್ಟಣಗಳ ಬಜೆಟ್ಟಿನ ಆತಂಕ ಅದಕ್ಕೆ ಒಂದು ಪ್ರಮುಖ ಕಾರಣ. ಚಾರ್ಟರ್ ಶಾಲೆಗಳಿಗೆ ರಾಜ್ಯದ ಬೊಕ್ಕಸದಿಂದಲೇ ನೇರವಾಗಿ ಹಣ ನೀಡಿದರೆ ಈ ಜಗಳ ತಗ್ಗಬಹುದು, ಆದರೆ ಆಗ ಶಾಸಕರು ಹೊಸ ಆದಾಯವನ್ನು ಹುಡುಕಬೇಕಾಗುತ್ತದೆ.